ಶ್ವೇತಾನ ಹಿಂದ ಗಾಡಿ ಬರಂಗಿಲ್ಲ

ಹೂಂ, ಫೋಟೋ ಆಮ್ಯಾಲೆ ತಗೀವಂತಿ, ಬಿಡು. ಮೊದಲ ಈ ಕಡೆ ಬಂದು ಕುಂದ್ರು ದೀಪಶ್ರೀ, ಅಲ್ಲಿ ಬಾಗಲದಾಗ ಕುಂತ್ರ ಗಾಳಿಗೆ ನನ್ನ ಮಾತು ನಿನಗ ಕೇಳಂಗಿಲ್ಲ. ಆಷಾಢದ ಗಾಳಿ ಇದು. ಗಜೇಂದ್ರಗಡದ ಗುಡ್ಡದ ಮ್ಯಾಲೆ ಆ ಗಾಳಿ ಫ್ಯಾನ್ ಅದಾವಲ್ಲ, ನೋಡು, ಹುಚ್ಚು ಹಿಡದಂಗ ತಿರುಗಾಕ ಹತ್ಯಾವ. ನಾಳೆ ನನ್ನ ಮೊಮ್ಮಗಳು ಶ್ವೇತಾ ಈ ಗಾಳಿಗೆ ಎದಿ ಕೊಟ್ಟು ಸೈಕಲ್ ಹೊಡೀಬೇಕು. ಒಬ್ಬಾಕಿನ. ಇದನ್ನ ಬರಕೋ. ಒಬ್ಬಾಕಿನ ಅನ್ನೂದನ್ನ ನಿಮ್ಮ ಪೇಪರಿನ್ಯಾಗ ದಪ್ಪ ಅಕ್ಷರದಾಗ ಹಾಕಸು.

ಆಕಿ ಒಳಗ ಮಲಗ್ಯಾಳ, ಎಬ್ಬಸಬ್ಯಾಡ. ಮೂರು ದಿನ ತುಳದು ತುಳದು ಕಾಲು ಸೋತಾವ ಪಾಪ. ಏನ ಬೇಕು ನನ್ನ ಕೇಳು. ನಾಳಿನ ರೇಸ್ ಹ್ಯಾಂಗ ಆಗಬಹುದು ಅಂತ ಕೇಳಾಕ ಬಂದಿ ಹೌದಲ್ಲೊ? ಹೇಳ್ತೀನಿ. ನಡುವ ತಡೀಬ್ಯಾಡ ಅಷ್ಟ. ನನಗ ಮಾತು ಒಂದು ಕಡೆ ಹೊಂಟ್ರ ಇನ್ನೊಂದು ಕಡೆ ಹೋಗತಾವ, ಆದ್ರ ಮನಿಗೆ ತಿರಿಗಿ ಬರ್ತಾವ.

ನಾಕು ದಿನದ ರೇಸ್ ಇದು. ಮೊದಲನೇ ದಿನ ನರಗುಂದದಿಂದ ಕೊಣ್ಣೂರ ಹೊಳಿ ತನಕ ಹೋಗಿ ವಾಪಸ್. ಎರಡನೇ ದಿನ ನರಗುಂದದಿಂದ ರೋಣಕ್ಕ. ಇವತ್ತು ರೋಣದಿಂದ ಗಜೇಂದ್ರಗಡಕ್ಕ. ದಿನಾ ಯಾರ್ಯಾರಿಗೆ ಎಷ್ಟು ಹೊತ್ತು ಹಿಡೀತು ಅಂತ ಕೂಡಿಸಿಕೋಂತ ಬರ್ತಾರ. ಕಡೀಕ ಯಾರದು ಎಲ್ಲಾರಕಿಂತ ಕಡಿಮಿ, ಆಕಿ ಗೆದ್ದಂಗ. ಈ ಮೂರೂ ದಿನ ಹುಡುಗ್ಯಾರು ಗುಂಪುಗಟ್ಟಿ ಹೋಗ್ಯಾರ. ಮುಂದಿನಾಕಿ ಗಾಳಿ ಸೀಳಕೋಂತ ಹೋಗ್ತಾಳ, ಹಿಂದಿನಾಕಿ ಆಕಿ ಬೆನ್ನಿಗೆ ಅಡಗಿ ಆರಾಮ ಬರ್ತಾಳ. ಅದು ತಪ್ಪಲ್ಲ, ಆಟದಾಗ ಅದಕ ಅವಕಾಶ ಐತಿ. ನಾಳಿಂದು ಬ್ಯಾರೆ. ಟೈಮ್ ಟ್ರಯಲ್ ಅಂತಾರ. ಒಬ್ಬಾಕಿನ್ನ ಬಿಟ್ಟು, ಒಂದು ನಿಮಿಷ ತಡದು ಇನ್ನೊಬ್ಬಾಕಿನ್ನ ಬಿಡೂದು. ಗಜೇಂದ್ರಗಡದಿಂದ ಹೊಂಟು, ನಮ್ಮ ಪುರ್ತಗೇರಿ ದಾಟಿ, ರಸ್ತಿ ನಡುವ ಕೆಂಪು ಟೊಪಗಿಯಂಥಾವು ಇಟ್ಟಿರತಾರಲ್ಲ, ಅವನ್ನ ಸುತ್ತಿ, ಅದ ದಾರೀಲೆ ವಾಪಸ್. ಮುಂದ ಅಡಗಾಕ ಯಾರ ಬೆನ್ನೂ ಇಲ್ಲ. ಹಿಂದಿನಾಕಿ ಬಂದು ಮುಟ್ಟಿದ್ರೂ ಆಕಿ ಬೆನ್ನು ಹತ್ತಂಗಿಲ್ಲ, ಬಾಜೂಕ ಸರದು ದಾರಿ ಬಿಡಬೇಕು. ಮಂದಿ ಇಲ್ಲ, ಮಾತಿಲ್ಲ, ನೀನು, ನಿನ್ನ ಎದಿಯುಸರು. ಅಷ್ಟ.

ಈಗ ಮೊದಲನೇ ಜಾಗಾದಾಗ ಇರೂದು ಬದರುನ್ನಿಸಾ ಅಂತ, ಬಿಜಾಪುರದಾಕಿ. ನಮ್ಮಾಕಿ ಮೂರನೇದಾಕಿ. ಏಯ್, ಮೂರನೇದಾಕಿ ಅಂತ ಹಂಗ ಬರೀಬ್ಯಾಡ. ಹ್ಯಾಂಗ ಮೂರನೇದಾಕಿ ಆದ್ಲು ಅನ್ನೂದನ್ನೂ ಬರಿ. ನಿನ್ನೆ ರೋಣ ಮುಟ್ಟೂತನಕ ಆಕಿನ ಮೊದಲನೇದಾಕಿ ಇದ್ಲು. ಕೆಡಸಿದಾಂವ ನನ್ನ ಮಗ, ಆಕಿ ಹಡದಪ್ಪ, ಗುರುಪಾದ.

ಅಂವನ್ನ ಬೈದು ಬರೀಬ್ಯಾಡ ಮತ್ತ. ಬೈಯೂದು ನನಗ ಬಿಟ್ಟಿದ್ದು.

ಶ್ವೇತಾಗ ಎಂಟನೇ ಕ್ಲಾಸಿನ್ಯಾಗ ಸಾಲ್ಯಾಗ ಸರಕಾರದ ಸೈಕಲ್ ಕೊಟ್ಟಿದ್ರು. ಆ ಭಾರದ ಸೈಕಲ್ ತಗೊಂಡು ಗಜೇಂದ್ರಗಡದ ಹೈಸ್ಕೂಲಿಗೆ ಹೋಗಾಕಿ. ಬಸ್ಸಿನ ಜೋಡಿ ಪೈಪೋಟಿ ಹಚ್ಚತಿದ್ಲು. ಡ್ರೈವರ್ ಹಾರ್ನ್ ಹೊಡೀಬೇಕು, ಕಿಡಕ್ಯಾಗಿಂದ ಹುಡುಗೂರು ಚೀರಬೇಕು, ಈಕಿ ತಲಿ ತಗ್ಗಿಸಿ ತುಳೀಬೇಕು. ಅಲ್ಲಿ ಆಟದ ಮಾಸ್ತರ ಮಾಲತೇಶ ಅಂತ, ಬಸ್ ಬರೂಕಿಂತ ಮೊದಲ ಈಕಿ ಗೇಟಿನ್ಯಾಗ ಇರೂದನ್ನ ನೋಡಿ ನೋಡಿ, ಒಂದಿನ ಮನಿಗೇ ಬಂದ್ರು. "ಹೊನ್ನವ್ವಾರ, ಈ ಹುಡುಗಿನ್ನ ನನಗ ಕೊಡ್ರಿ" ಅಂದ್ರು. ನಾ ಗಾಬರ್ಯಾದೆ. ಈ ವಯಸ್ಸಿನ ಮಾಸ್ತರಗ ಮದವಿ ಆಗಿಲ್ಲೇನು ಅಂತ! ಆಮ್ಯಾಲೆ ತಿಳೀತು, ರೇಸಿಗೆ ಕೇಳಾಕ ಬಂದಾರ ಅಂತ. ನಕ್ಕು ನಕ್ಕು ಹೊಟ್ಟಿ ನೋವಾತು. ಚಹಾ ಎರಡು ಸಲ ಮಾಡಿದೆ ಅವತ್ತು.

ಆಮ್ಯಾಲೆ ಮಾಸ್ತರ ಒಂದು ಹಳೇ ರೇಸ್ ಸೈಕಲ್ ತಂದು ಕೊಟ್ರು. ನಸುಕಿನ್ಯಾಗ ಎದ್ದು ಮುಶಿಗೇರಿ ಕಡೆ ಹೊಡಕೋಂತ ಹೋಗಾಕಿ. ಆಗ ಶುರುವಾತು ನೋಡು ಮಂದಿ ಬಾಯಿ. "ಗುರುಪಾದ, ಬೆಳದ ಹುಡುಗಿನ್ನ ಒಬ್ಬಾಕಿನ್ನ ಹ್ಯಾಂಗ ಬಿಡ್ತಿ?" "ಊರ ಮುಂದ ಚಡ್ಡಿ ಹಾಕಿಸಿ ಓಡಸ್ತೀಯಲ್ಲ, ನಾಳೆ ಯಾರ ಮನಿ ತುಂಬಸ್ತಿ?" ಒಬ್ಬಾಂವ ಬಾಗಲಕ್ಕ ಬಂದು ಹಿಂಗಂದಾಗ ನಾನ ಒಳಗಿಂದ ಎದ್ದು ಬಂದೆ. "ಅಲ್ಲೋ, ನಿನ್ನ ಮಗ ದಿನಾ ಚಡ್ಡಿ ಹಾಕ್ಕೊಂಡು ಕಟ್ಟಿ ಮ್ಯಾಲೆ ಕುಂತಿರತಾನಲ್ಲ. ಅದು ನಡೀತೈತಿ, ನನ್ನ ಮೊಮ್ಮಗಳು ಅದ ಚಡ್ಡಿ ಹಾಕ್ಕೊಂಡು ಕಾಲು ಆಡಿಸಿದ್ರ ನಡಿಯಂಗಿಲ್ಲೇನು?" ಅಂದೆ. ಅಂವ ಆವತ್ತಿಂದ ನಮ್ಮ ಓಣಿ ತಪ್ಪಿಸಿ ಸುತ್ತು ಹಾಕ್ಕೊಂಡು ಹೋಗ್ತಾನ.

ಆದ್ರ ಗುರುಪಾದನ ಹೊಟ್ಟ್ಯಾಗ ಆ ಮಾತು ಇಳದುಬಿಡ್ತು. ಮಗಳು ನಸುಕಿನ್ಯಾಗ ಸೈಕಲ್ ಹೊರಗ ತಗದ್ಲೂ ಅಂದ್ರ ಅಂವನೂ ಮೋಟರ್ ಸೈಕಲ್ ತಗದ ಬಿಡೂದು. ಆಕಿ ಮುಂದ, ಅಂವ ಹಿಂದ. ಮಳಿ ಇರಲಿ, ಥಂಡಿ ಇರಲಿ, ಜ್ವರ ಬಂದ್ರೂ ಮಫ್ಲರ್ ಸುತ್ತಿಕೊಂಡು ಹೊಂಟಾನ. ಮಗಳ ಮ್ಯಾಲೆ ಜೀವ ಅಂವಂದು, ಖರೇ ಹೇಳ್ತೀನಿ. ಯಾವ ಅಪ್ಪ ಇಷ್ಟು ವರ್ಷ ಹಿಂಗ ಬೆನ್ನು ಹತ್ತತಾನ? ಆದ್ರ ಅಂವಗ ಒಂದು ತಿಳೀಲಿಲ್ಲ. ರೇಸಿನ ದಾರಿ ನಮ್ಮ ಹೊಲದ ದಾರಿ ಅಲ್ಲ.

ನಿನ್ನೆ ಏನಾತು, ರೋಣ ಇನ್ನೂ ಅಷ್ಟು ದೂರ ಇರೂವಾಗ ನಮ್ಮಾಕಿ ಗುಂಪು ಬಿಟ್ಟು ಒಬ್ಬಾಕಿನ ಮುಂದ ಬಂದುಬಿಟ್ಲು. ಎಂಥಾ ಹೊಡತ ಅಂತಿ! ಹಿಂದ ಯಾರೂ ಕಾಣವಲ್ರು. ನೋಡಿದ ಮಂದಿ ಎಲ್ಲಾ ಹೇಳ್ತಾರ, ರೇಸ್ ಅಲ್ಲೇ ಮುಗದಿತ್ತು. ಗುರುಪಾದ ಅಡ್ಡದಾರಿ ಹಿಡದು ಬಂದು ಒಂದು ಬೇವಿನಗಿಡದ ಕೆಳಗ ನಿಂತಿದ್ನಂತ. ಮಗಳು ಬಂದ್ಲು. ಹಿಂದಿಲ್ಲ ಮುಂದಿಲ್ಲ, ಎರಡೂ ಕಡೆ ಎರಿಹೊಲ, ಒಂದು ನರಪಿಳ್ಳಿ ಇಲ್ಲ. ಇಂವಗ ತಡೀಲಿಲ್ಲ. ಗಾಡಿ ಚಾಲೂ ಮಾಡಿ ಆಕಿ ಬಾಜೂಕ ಹೋಗಿ, "ನಾ ಅದೀನಿ ಮಗಳ, ಹೆದರಬ್ಯಾಡ" ಅಂದಾನ. ಆಕಿ ಚೀರ್ಯಾಳ, "ಅಪ್ಪಾ ಸರಿ, ಸರಿ, ದೂರ ಹೋಗು!" ಇಂವಗ ಕೇಳಿಲ್ಲ. ಗಾಳಿ ಭಾಳ ಐತಿ ಅಂತ ಇಷ್ಟು ಮುಂದ ಬ್ಯಾರೆ ಹೋಗ್ಯಾನ! ಮಗಳಿಗೆ ಗಾಳಿ ತಾಗದಂಗ ಅಡ್ಡ ಹೋಗ್ಯಾನ ಅಂತ, ಹಿಂದ ಕಾರಿನ್ಯಾಗ ಬರ್ತಿದ್ದ ರೇಸಿನ ಪಂಚರು ನೋಡಿ, ಒಂದು ನಿಮಿಷ ದಂಡ ಹಾಕಿದ್ರು. ಗೆದ್ದ ಹುಡುಗಿ ಸಂಜಿಗೆ ಮೂರನೇದಾಕಿ.

ಪಂಚರು ಮೋಸ ಮಾಡ್ಯಾರ ಅಂತ ನಾ ಅನ್ನಂಗಿಲ್ಲ. ಅವರ ಕಾಯ್ದೆ ಅವರು ಮಾಡ್ಯಾರ. ಆದ್ರ ಒಂದು ಮಾತು ಅಂದ್ರು: ಇನ್ನೊಮ್ಮೆ ಹಿಂಗಾದ್ರ ಹುಡುಗಿನ್ನ ರೇಸಿನಿಂದ ತಗದಹಾಕ್ತೀವಿ. ನಾಳೆ ಗುರುಪಾದ ಹಿಂದ ಹೋದ್ನೋ, ಮುಗೀತು. ನಾಕು ದಿನದ್ದು ಅಷ್ಟೂ ಮಣ್ಣಾಗ ಹೋತು.

ಇವತ್ತು ಮಧ್ಯಾಹ್ನ ನಮ್ಮನ್ಯಾಗ ಅದ ಜಗಳ. ಅದಕೂ ಮೊದಲ ಬದರುನ್ನಿಸಾ ಊಟಕ್ಕ ಬಂದಿದ್ಲು, ಅದನ್ನ ಹೇಳಲೇ ಇಲ್ಲ ನೋಡು. ಶ್ವೇತಾನ ಆಕಿನ್ನ ಕರಕೊಂಡು ಬಂದಾಳ. ಬಡಕಲು ಹುಡುಗಿ, ಮೂರು ರೊಟ್ಟಿ ಬದನಿಕಾಯಿ ಪಲ್ಯದ ಜೋಡಿ ಹೊಡದ್ಲು. ನಾ ಅಂದೆ, "ನನ್ನ ರೊಟ್ಟಿ ತಿಂದು ನನ್ನ ಮೊಮ್ಮಗಳನ್ನ ಸೋಲಸ್ತಿ ಅಲ್ಲಬೇ?" ಆಕಿ ಏನಂದ್ಲು ಗೊತ್ತೈತೇನು? "ಅಜ್ಜಿ, ಆ ದಂಡದ ನಿಮಿಷ ನನಗ ಬ್ಯಾಡಾಗಿತ್ತು. ಖರೇ. ಆದ್ರ ನಾಳೆ ಮಾತ್ರ ಬಿಡಾಕಿ ಅಲ್ಲ. ಇನ್ನೊಂದು ರೊಟ್ಟಿ ಹಾಕ್ರಿ." ಹಿಂಗಿರಬೇಕು ಹುಡುಗ್ಯಾರು. ಹಾಕಿದೆ. ಬೆಣ್ಣಿ ಹಚ್ಚೇ ಹಾಕಿದೆ.

ಆಕಿ ಅತ್ತ ಹೋದ್ಲು, ಇತ್ತ ಗುರುಪಾದ ಬಾಯಿ ತಗದ.

"ನಾಳೆ ನಾ ದೂರ ಇರತೀನಿ. ಕಾಣೂವಷ್ಟು ದೂರ. ಯಾರಿಗೂ ತಿಳಿಯಂಗಿಲ್ಲ."

"ಅಪ್ಪಾ, ಬರಬ್ಯಾಡ" ಅಂದ್ಲು ಶ್ವೇತಾ.

"ಬರಲಿಲ್ಲಂದ್ರ ಹೋಗೂದೂ ಬ್ಯಾಡ. ಆ ರಸ್ತ್ಯಾಗ ಒಬ್ಬಾಕಿನ್ನ ಬಿಟ್ಟು ಮನ್ಯಾಗ ಕುಂಡ್ರು ಅಂತೀಯೇನು?"

"ನಾಳಿನ ರೇಸ್ ಇರೂದ ಒಬ್ಬಾಕಿದು ಅಪ್ಪಾ."

"ಅಂಥಾ ರೇಸ್ ನಮಗ ಬ್ಯಾಡ."

ಆಕಿ ತಾಟು ಬಾಜೂಕ ಸರಸಿದ್ಲು. ಆ ಹುಡುಗಿ ಅಪ್ಪನ ಎದುರಿಗೆ ಎಂದೂ ದನಿ ಏರಿಸಿದಾಕಿ ಅಲ್ಲ, ಇವತ್ತೂ ಏರಸಲಿಲ್ಲ. ತಣ್ಣಗ ಅಂದ್ಲು: "ನಾ ಹೋಗಾಕಿ. ನೀ ಹಿಂದ ಬಂದ್ರ ಬಾ. ನಿನ್ನ ಗಾಡಿ ಸಪ್ಪಳ ನನಗ ಗುರುತೈತಿ. ಕೇಳಿದ ಕೂಡಲೇ ಬ್ರೇಕ್ ಹಿಡದು ನಿಂತುಬಿಡ್ತೀನಿ. ಇಳದು, ಸೈಕಲ್ ನಿನ್ನ ಗಾಡಿಗೆ ಅಡ್ಡ ಇಡ್ತೀನಿ. ಯಾಕ ನಿಂತಿ ಅಂತ ಮಂದಿ ಕೇಳಿದ್ರ, ನಮ್ಮಪ್ಪಗ ನನ್ನ ಮ್ಯಾಲೆ ನಂಬಿಕಿ ಇಲ್ರಿ ಅಂತ ಹೇಳ್ತೀನಿ."

ಗುರುಪಾದ ಕೈಯಾಗಿನ ತುತ್ತು ತಾಟಿಗೆ ಇಟ್ಟ. "ನಿನ್ನ ಮ್ಯಾಲೆ ಅಲ್ಲವಾ, ಮಂದಿ ಮ್ಯಾಲೆ ಇಲ್ಲ" ಅಂದ.

"ಮಂದಿ ತಪ್ಪಿಗೆ ದಂಡ ನನಗ್ಯಾಕ?" ಅಂದ್ಲು. ಎದ್ದು ಒಳಗ ಹೋದ್ಲು.

ನನ್ನ ಸೊಸಿ ಸುಶೀಲವ್ವ ಒಲಿ ಮುಂದ ಕುಂತಿದ್ಲು. ಗುರುಪಾದ ನನ್ನ ಕಡೆ ತಿರುಗಿದ. "ಯವ್ವಾ, ನೀನರ ಹೇಳ ಆಕಿಗೆ."

ನಾ ಅಂದೆ, "ಹೇಳ್ತೀನಿ, ನಿನಗ ಹೇಳ್ತೀನಿ, ಕೇಳು. ನಾ ಈ ಮನಿಗೆ ಬಂದಾಗ ಶ್ವೇತಾನಕಿಂತ ಸಣ್ಣಾಕಿ. ನಸುಕಿನ್ಯಾಗ ಬುತ್ತಿ ಹೊತ್ತು ಹೊಲಕ್ಕ ಹೋಗೂವಾಗ ಯಾರ ಗಾಡಿ ನನ್ನ ಹಿಂದ ಬಂತು? ಹೆಸರುಕಾಯಿ ಬಿಡಸಾಕ ಹೋದಾಗ, ಹಳ್ಳಕ್ಕ ಅರಿವಿ ಒಗ್ಯಾಕ ಹೋದಾಗ, ನೀ ಹೊಟ್ಟ್ಯಾಗ ಇದ್ದಾಗ ಉರವಲ ಹೊರಿ ಹೊತ್ತು ಬಂದಾಗ? ಸುಶೀಲವ್ವ ಈಗೂ ಒಬ್ಬಾಕಿನ ಹೊಲಕ್ಕ ಹೋಗ್ತಾಳ. ಆಕಿ ಹಿಂದ ಒಂದಿನ ಗಾಡಿ ಬಿಟ್ಟೀಯೇನು? ಆವಾಗೆಲ್ಲಾ ಒಬ್ಬಾಕಿ ಅನ್ನೂದು ನಿಮಗ ಕಾಣಲಿಲ್ಲ. ದುಡಿಯಾಕ ಒಬ್ಬಾಕಿ ಹೋದ್ರ ನಡೀತೈತಿ, ಗೆಲ್ಲಾಕ ಹೊಂಟ್ರ ಕಾವಲು ಬೇಕೇನು?"

ಸುಶೀಲವ್ವ ಒಲಿ ಮುಂದ ಕುಂತಾಕಿ, ಮಾರಿ ಎತ್ತದ, "ಪೆಟ್ರೋಲು ತುಟ್ಟಿ ಆಗೈತಿ ಬಿಡ್ರಿ ಅತ್ತಿ, ನನ್ನ ಹಿಂದ ಎಲ್ಲಿ ಬರ್ತಾರ" ಅಂದ್ಲು. ಇಷ್ಟು ವರ್ಷದಾಗ ಆಕಿ ಗಂಡನ ಮುಂದ ಅಂದ ಮೊದಲನೇ ಚೇಷ್ಟಿ ಮಾತು. ನನಗ ನಗು ತಡೀಲಿಲ್ಲ. ಗುರುಪಾದ ನಗಲಿಲ್ಲ.

ಎದ್ದು ಚಪ್ಪಲಿ ಮೆಟ್ಟಿದ. ಆಮ್ಯಾಲೆ, "ಆ ಕೆಂಪು ಟೊಪಗಿ ಸುತ್ತಿ ಹೊಳ್ಳೂ ಜಾಗಾದಾಗ ಖಡಿಕಲ್ಲು ಚೆಲ್ಲೈತಿ. ಟಿಪ್ಪರಿನ್ಯಾಗಿಂದ ಬಿದ್ದದ್ದು. ಜೋರು ಬಂದು ಹೊಳ್ಳಿದ್ರ ಗಾಲಿ ಜಾರತೈತಿ" ಅಂದ. ಯಾರಿಗೆ ಅಂದ್ನೋ ಏನೋ. ಕಸಬರಗಿ, ಸಲಕಿ ತಗೊಂಡು ಹೊಂಟ. ನಡಕೋಂತ ಹೊಂಟ, ಗಾಡಿ ಇಲ್ಲೇ ನಿಂತೈತಿ ನೋಡು ಅಂಗಳದಾಗ. ಈಗಿನ್ನೂ ಬಂದಿಲ್ಲ.

ಒಪ್ಪ್ಯಾನ ಅಂತ ಬರೀಬ್ಯಾಡ. ಬಾಯಿ ಬಿಟ್ಟು ಒಪ್ಪಿಲ್ಲ ಅಂವ. ನಾಳೆ ಮತ್ತ ತಡೀಲಾರದ ಗಾಡಿ ಚಾಲೂ ಮಾಡಿದ್ರೂ ಮಾಡಿದ್ನ. ಮಾಡಲಿ, ನಾ ನೋಡ್ಕೋತೀನಿ. ಮುಂಜಾನಿ ಕಂಬಳಿ ಹಾಸಿಕೊಂಡು ಆ ಗಾಡಿ ಮುಂದ ಕುಂಡ್ರಾಕಿ ನಾ. ಹಡದವ್ವನ ಮ್ಯಾಲೆ ಹಾಯಿಸಿಕೊಂಡು ಹೋಗ್ತಾನೇನು?

ಗೆಲ್ಲತಾಳೇನು ಅಂತ ಕೇಳ್ತಿ. ಮಾಲತೇಶ ಮಾಸ್ತರ ಹೇಳ್ತಾರ, ಬದರುನ್ನಿಸಾ ಗುಂಪಿನ್ಯಾಗ ಹುಲಿ, ಕಡೀಕ ಜಿಗದು ಮುಂದ ಬರೂದ್ರಾಗ ಆಕಿನ್ನ ಹಿಡಿಯಾಕ ಆಗಂಗಿಲ್ಲ. ಆದ್ರ ನಾಳೆ ಜಿಗಿಯಾಕ ಗುಂಪ ಇಲ್ಲ. ಎರಡನೇದಾಕಿ ಬೆಳಗಾವಿ ಕಡೆ ಹುಡುಗಿ, ಏರಿಗೆ ಚಲೋ, ಗಾಳಿಗೆ ಸೋಲತಾಳ. ನಮ್ಮಾಕಿ ಹತ್ರ ಅವರಂಥಾ ಕಡ್ಡಿ ಕಾಣದಂಗ ಮುಚ್ಚಿದ ಗಾಲಿ ಇಲ್ಲ. ಮೊಣಕೈ ಊರಾಕ ಮುಂದ ಎರಡು ಕೊಂಬು ಹಾಕತಾರ, ಅವು ಮಾಸ್ತರ ಎಲ್ಲಿಂದೋ ಕೇಳಿ ತಂದದ್ದು. ಹಿಂದ ಚೂಪಾದ ಟೊಪಗಿ ಒಂದು ಐತಿ, ಹಾಕ್ಕೊಂಡ್ರ ಬಾಳಿಹೂವಿನ ಮೂತಿ ಕಂಡಂಗ ಕಾಣತಾಳ. ಆದ್ರ ಇಷ್ಟು ವರ್ಷ ಈ ರಸ್ತ್ಯಾಗ, ಈ ಗಾಳ್ಯಾಗ ತುಳದಾಳ. ಯಾರ ಬೆನ್ನಿಗೂ ಅಡಗದ ತುಳದಾಳ. ಹಿಂದ ಅಪ್ಪ ಇದ್ದ ಖರೇ, ಮುಂದ ಯಾರಿದ್ರು? ಗಾಳಿ ತಿಂದಾಕಿ ಆಕಿನ.

ಗೆಲ್ಲತಾಳ ಅಂತ ನಾ ಹೇಳಂಗಿಲ್ಲ. ಸೋತ್ರೂ ಸೋಲಲಿ. ಆಕಿ ಕಾಲೀಲೆ ಸೋಲಲಿ, ಅಪ್ಪನ ಗಾಡೀಲೆ ಸೋಲೂದು ಬ್ಯಾಡ. ನಾಳೆ ಆ ರಸ್ತ್ಯಾಗ ಹುಡುಗಿ ಒಬ್ಬಾಕಿನ ಹೋಗ್ತಾಳ, ಊರ ಮಂದಿ ಅಷ್ಟೂ ಕಣ್ಣು ತುಂಬ ನೋಡಲಿ, ಆಮ್ಯಾಲೆ ಮಾತಾಡಲಿ. ಮಾತಾಡಾಕ ನಾನೂ ಮನ್ಯಾಗ ಅದೀನಿ.

ಆತು, ಹೊತ್ತು ಮುಳಗೂದ್ರಾಗ ನೀ ಹೊಂಡು. ಹೋಗೂ ದಾರ್ಯಾಗ ನನ್ನದೊಂದು ಕೆಲಸ ಮಾಡಬೇಕವಾ. ಊರು ದಾಟಿದ ಮ್ಯಾಲೆ ಎಡಗಡೆ ಒಂದು ತಗಡಿನ ಮನಿ ಬರತೈತಿ, ಅಲ್ಲಿ ಮರಿಯವ್ವ ಅಂತ ಅದಾಳ, ಎಮ್ಮಿ ಕಟ್ಯಾಳ. ದಿನಾ ಮುಂಜಾನಿ ಹಾಲು ಹಿಂಡಿ ಎಮ್ಮಿ ಅಷ್ಟೂ ರಸ್ತಿ ಆ ಕಡೆ ಹೊಡೀತಾಳ. ಸ್ಕೂಟಿ ನಿಲ್ಲಿಸಿ, ಇಳದು, ಹತ್ರ ಹೋಗಿ ಹೇಳು, ದೂರದಿಂದ ಹೇಳಿದ್ರ ಆಕಿಗೆ ಕೇಳಂಗಿಲ್ಲ. ಹೊನ್ನವ್ವ ಹೇಳ್ಯಾಳ, ನಾಳೆ ಶ್ವೇತಾ ಹೋಗಿ ಹೊಳ್ಳಿ ಬರೂತನಕ ಒಂದು ಎಮ್ಮೀನೂ ಬಿಚ್ಚಬ್ಯಾಡ ಅಂತ.