ಪಥ್ಯ ಮುರಿದ ದಿನ

ಅದು ೧೯೭೪ರ ಬೇಸಿಗೆ. ಮೋರಟಗಿಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇತ್ತು. ನನ್ನ ಯಜಮಾನರಿಗೆ ಕೆಲವು ವರ್ಷಗಳಿಂದ ಕಣ್ಣು ಹಳದಿಯಾಗುವ ಕಾಮಣಿ ಬಿಟ್ಟು ಬಿಟ್ಟು ಮರುಕಳಿಸುತ್ತಿತ್ತು. ಎಣ್ಣೆ, ಖಾರ ಅವರ ತಾಟಿನ ಹತ್ತಿರ ಸುಳಿಯದಂತೆ ನಾನು ಪಥ್ಯ ನಡೆಸಿದ್ದೆ. ಅವರು ದಿನಾ ಗೊಣಗುತ್ತಿದ್ದರು, ನಾನು ಜಪ್ಪಯ್ಯ ಅಂದರೂ ಬಗ್ಗುತ್ತಿರಲಿಲ್ಲ.

ಆ ಸಲ ಬಿಡದೆ ಜ್ವರ ಬಂದು, ಬಲಗಡೆ ಪಕ್ಕೆಯ ಕೆಳಗೆ ಗಡ್ಡೆ ಕೈಗೆ ಸಿಗತೊಡಗಿತು. ಸಿಂದಗಿಯ ಡಾಕ್ಟರು ನನ್ನ ಮೈದುನನನ್ನು ಹೊರಗೆ ಕರೆದು, ಹಳೆಯ ಕಾಮಣಿ ಲಿವರ್ ಕ್ಯಾನ್ಸರಿಗೆ ತಿರುಗಿರಬಹುದು, ಸೊಲ್ಲಾಪುರಕ್ಕೆ ಕರೆದೊಯ್ಯಿರಿ ಅಂದರಂತೆ. ಮನೆಯ ಹಿರಿಯರು ಕೂತು ಬೇರೆಯೇ ತೀರ್ಮಾನ ಮಾಡಿದರು. ಕತ್ತರಿ ತಾಗಿದರೆ ಕ್ಯಾನ್ಸರ್ ಮೈತುಂಬ ಹಬ್ಬುತ್ತದೆ, ಇರುವಷ್ಟು ದಿನ ಬೇಕಾದ್ದು ಉಣ್ಣಲಿ, ಅವನಿಗೆ ಮಾತ್ರ ಹೇಳುವುದು ಬೇಡ ಅಂತ. ನನ್ನನ್ನು ಯಾರೂ ಕೇಳಲಿಲ್ಲ.

ಮರುದಿನ ಅತ್ತೆ ಹೇಳಿದಂತೆ ಬದನೆಕಾಯಿ ಎಣ್ಣೆಗಾಯಿ ಮಾಡಿ ರೊಟ್ಟಿಯ ಜೊತೆ ಬಡಿಸಿದೆ. ಅವರು ರೊಟ್ಟಿ ಮುರಿದು, ತಾಟನ್ನೇ ನೋಡುತ್ತ ಕೂತರು.

“ಇಷ್ಟ ವರ್ಷ ಉಪ್ಪಿನಕಾಯಿ ಸುದ್ದಾ ಮುಟ್ಟಗೊಡಲಿಲ್ಲ ನೀ. ಡಾಕ್ಟರ್ ಏನಂದಾರ, ಖರೇ ಹೇಳು.”

ಒಳಗಿಂದ ಅತ್ತೆ ಬೇಡವೆಂದು ಕೈಸನ್ನೆ ಮಾಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ.

“ಮತ್ತ ಇಲ್ಲ್ಯಾಕ ಕುಂತೇವಿ?” ಅಂದವರೇ ಎದ್ದು ಕೈ ತೊಳೆದರು.

ಸೊಲ್ಲಾಪುರದ ಸರ್ಜನ್ ಮುಚ್ಚುಮರೆ ಇಲ್ಲದೆ ಅವರಿಗೇ ಎಲ್ಲ ತಿಳಿಸಿದರು. ಕ್ಯಾನ್ಸರ್ ಒಂದೇ ಕಡೆ ಇದ್ದು ಉಳಿದ ಲಿವರ್ ಚೆನ್ನಾಗಿದ್ದರೆ ಆ ಭಾಗ ಕತ್ತರಿಸಿ ತೆಗೆಯಬಹುದು. ಕಾಮಣಿಯಿಂದ ಲಿವರ್ ಪೂರ್ತಿ ಕೆಟ್ಟಿದ್ದರೆ ಆಪರೇಷನ್ ತಾಳದು, ನೋವಿಗೆ ಔಷಧ ಕೊಡುವುದಷ್ಟೇ ದಾರಿ. ಆದರೆ ಇಷ್ಟು ಜ್ವರ ನೋಡಿದರೆ ತಮಗೆ ಬೇರೆಯೇ ಅನುಮಾನ, ಮೊದಲು ಗಡ್ಡೆಗೆ ಸೂಜಿ ಹಾಕಿ ಒಳಗೇನಿದೆ ನೋಡೋಣ ಎಂದರು.

ನಾನು ಹೊರಗೆ ಗೋಡೆಗೆ ಒರಗಿ ಕೂತೆ. ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಕೊನೆಗೆ ಸರ್ಜನ್ ಬಂದರು.

“ಕ್ಯಾನ್ಸರ್ ಅಲ್ರಿ ತಾಯಿ. ಲಿವರ್‌ದಾಗ ಕೀವು ತುಂಬಿತ್ತು, ತಗದೇವಿ. ಗುಳಿಗಿ ತಗೊಂಡ್ರ ಆರಾಮ ಆಗ್ತಾರ.”

ಸೆರಗು ಬಾಯಿಗೊತ್ತಿಕೊಂಡು ಗಳಗಳ ಅತ್ತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳೊಬ್ಬಳು, ಪಾಪ, ಕೆಟ್ಟ ಸುದ್ದಿ ಬಂತೆಂದು ತಿಳಿದು ನನ್ನ ಬೆನ್ನು ಸವರಿದಳು. ಬಾಯಿ ಬಿಟ್ಟು ಹೇಳಲೂ ಆಗದಷ್ಟು ಸಂತೋಷ ನನಗೆ.

ಅವರು ಗುಣವಾಗಿ ಬಂದು ಮತ್ತೆ ಅಂಗಡಿಯಲ್ಲಿ ಕೂತರು. ಅಂದಿನಿಂದ ಮನೆಯಲ್ಲಿ ಯಾರಿಗೆ ಏನೇ ಕಾಯಿಲೆ ಬರಲಿ, ಮೊದಲು ಕಾಯಿಲೆ ಬಿದ್ದವರಿಗೇ ತಿಳಿಯಬೇಕೆಂದು ನಾನು ಹಟ ಹಿಡಿಯುತ್ತೇನೆ. ಅಕ್ಕರೆಯಿಂದ ಉಣ್ಣಿಸುತ್ತ ಉಣ್ಣಿಸುತ್ತಲೇ ಬದುಕುವ ಮನುಷ್ಯನನ್ನು ನಾವೆಲ್ಲ ಸೇರಿ ಕಳೆದುಕೊಳ್ಳುವವರಿದ್ದೆವು.