ಕರೆಂಟ್ ಬಂದ ಮೇಲಿನ ಐದು ನಿಮಿಷ

ಅವತ್ತೂ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವಷ್ಟರಲ್ಲಿ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟು ಬಂದೆ. ಉಪ್ಪಿಟ್ಟಿಗೆ ರವೆ ಹುರಿಯುತ್ತಾ ಕಟ್ಟೆಯ ಮೇಲಿದ್ದ ಲ್ಯಾಪ್‌ಟಾಪ್ ತೆರೆದೆ. ಕೀಲಿಗಳ ಸಂದಿಯಲ್ಲಿ ಎಂದಿನಂತೆ ಒಂದೆರಡು ಸಾಸಿವೆ. ಪರದೆಯ ಮೇಲೆ, ಯಾವುದೋ ದೇಶದ ಅದೇ ಮನುಷ್ಯನ ಅದೇ ತಕರಾರು: 'ಕರೆಂಟ್ ಬಂದ ಮೇಲೆ ಐದು ನಿಮಿಷ ಸುಮ್ಮನೆ ಕಾಯುವುದೇಕೆ? ಇದು ದೋಷ. ತೆಗೆದುಹಾಕಿ.'

ಮನೆಯ ದೀಪ, ಗೀಸರ್, ನೀರಿನ ಮೋಟರ್‌ಗಳನ್ನು ತಾನಾಗಿಯೇ ನೋಡಿಕೊಳ್ಳುವ ಒಂದು ತಂತ್ರಾಂಶ ಬರೆದಿದ್ದೆ. ಮದುವೆಗೆ ಮುಂಚೆ ಕಲಿತ ಕಂಪ್ಯೂಟರ್ ಕೋರ್ಸು, ಮಕ್ಕಳು ಸ್ಕೂಲಿಗೆ ಹೋದ ಮೇಲಿನ ಬಿಡುವು, ಅಷ್ಟೇ ಬಂಡವಾಳ. ಯಾರು ಬೇಕಾದರೂ ಬಿಟ್ಟಿ ಬಳಸಲಿ, ಬೇಕಾದ ಹಾಗೆ ತಿದ್ದಿಕೊಳ್ಳಲಿ ಅಂತ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟೆ. ಬಳಸಿದರು. ಬೈಗುಳವೂ ಬಿಟ್ಟಿಯೇ ಬಂತು. ಅವತ್ತು ಹೊಸ ಆವೃತ್ತಿಯ ಬಿಡುಗಡೆ. ಬಿಟ್ಟ ಕೂಡಲೇ ಪಕ್ಕದ ಮನೆಯೂ ಸೇರಿ, ಅದನ್ನು ನಂಬಿದ ಮನೆಗಳಿಗೆಲ್ಲ ತಾನಾಗಿ ತಲುಪುತ್ತಿತ್ತು.

ಆ ಐದು ನಿಮಿಷ ನನ್ನದಲ್ಲ, ನಮ್ಮತ್ತೆಯದು. ದೊಡ್ಡಬಳ್ಳಾಪುರದ ನಮ್ಮ ಬೀದಿಯ ಹಿಂದೆಲ್ಲ ರೇಷ್ಮೆ ಸೀರೆಯ ವಿದ್ಯುತ್ ಮಗ್ಗಗಳು. ಕರೆಂಟ್ ಬಂದರೆ ಅಷ್ಟೂ ಒಟ್ಟಿಗೆ ಶುರುವಾಗಿಬಿಡುತ್ತವೆ. ನಮ್ಮ ಬಲ್ಬು ಬಾಡುತ್ತದೆ, ಕರೆಂಟ್ ಮತ್ತೆ ಹೋಗಿ ಮತ್ತೆ ಬರುತ್ತದೆ. ಆ ಗಳಿಗೆಯಲ್ಲಿ ಮೋಟರ್ ಹಾಕಿದರೆ ನರಳಿ ನರಳಿ ಕಾಯಿಲ್ ಸುಟ್ಟಂತೆಯೇ. 'ತಡ್ಕೊಳ್ಳಮ್ಮ, ಮಗ್ಗದ್ ಸದ್ದು ಒಂದೇ ಸಮ ಆಗ್ಲಿ, ಆಮೇಲ್ ಹಾಕೀವಂತೆ' ಅನ್ನೋರು ಅತ್ತೆ.

ಇದನ್ನು ಆ ಮನುಷ್ಯನಿಗೆ ಹೇಗೆ ತಿಳಿಸುವುದು? ಅವನ ಊರಲ್ಲಿ ಕರೆಂಟ್ ಹೋಗುವುದೇ ಇಲ್ಲವಂತೆ. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಮೊದಲಿಗೊಂದು ಥ್ಯಾಂಕ್ಯೂ, ಕೊನೆಗೊಂದು ಪ್ಲೀಸ್ ಹಾಕಿ ಬರೆದೂ ಬರೆದೂ ಸುಸ್ತಾಗಿತ್ತು. ಈಗ ಇನ್ನಿಬ್ಬರು ಅವನ ಪರ ನಿಂತಿದ್ದರು. ಒಂದು ಸಾಲು ಅಳಿಸಿದರೆ ಮುಗಿಯಿತಲ್ಲ, ನೆಮ್ಮದಿಯಾಗಿ ಇರಬಹುದು ಅಂತ ಬಟ್ಟೆ ಒಣಗಿಸುವಾಗ ಅನ್ನಿಸಿತು. ಅನ್ನಿಸಿದ್ದೇನು, ಅಳಿಸಿಯೂ ನೋಡಿದೆ. ಆದರೆ ಹೋದ ಬೇಸಿಗೆಯಲ್ಲಿ, ಇದನ್ನು ಹಾಕಿಸಿಕೊಳ್ಳುವ ಮುಂಚೆ, ಪಕ್ಕದ ಮನೆಯವರು ಮೋಟರ್ ಸುಟ್ಟುಕೊಂಡು ಬೀದಿ ಕೊನೆಯಿಂದ ಕೊಡ ಹೊತ್ತಿದ್ದನ್ನು ನೋಡಿದ್ದೆ. ಬೇಡವಾದವರು ನಿಲ್ಲಿಸಿಕೊಳ್ಳಲಿ ಅಂತ ಒಂದು ಆಯ್ಕೆ ಇಟ್ಟು, ಅಳಿಸಿದ ಸಾಲನ್ನು ವಾಪಸ್ ಹಾಕಿ ಐದು ನಿಮಿಷವನ್ನು ಇದ್ದಲ್ಲೇ ಬಿಟ್ಟು, ಮಧ್ಯಾಹ್ನ ಬಿಡುಗಡೆ ಮಾಡಿದೆ. ಬಂದ ಮೊದಲ ಮಾತು: 'ನಿರಾಶೆಯಾಯಿತು.' ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಹುರುಳಿಕಾಯಿಯ ನಾರು ತೆಗೆಯುತ್ತಾ ಕೂತೆ.

ಸಂಜೆ ಮಗ್ಗಗಳು ಗಪ್ಪಂತ ಸುಮ್ಮನಾದವು. ಕರೆಂಟ್ ಹೋಗಿತ್ತು. ಒಣಗಿದ ಬಟ್ಟೆ ತರಲು ತಾರಸಿ ಹತ್ತಿದಾಗ ಬಂತು. ಮಗ್ಗಗಳೆಲ್ಲ ಒಮ್ಮೆಲೇ ಎದ್ದವು. ಪಕ್ಕದ ಮನೆಯ ಮೆಟ್ಟಿಲ ದೀಪ ಸಣ್ಣಗಾಗಿ ನಡುಗಿತು, ಆರಿತು, ಮತ್ತೆ ಹತ್ತಿತು. ಬೆಡ್‌ಶೀಟಿನ ಅಂಚು ಹಿಡಿದುಕೊಂಡು ಹಾಗೇ ನಿಂತಿದ್ದೆ. ಅವರ ಮೋಟರ್ ಅಲುಗಲಿಲ್ಲ. ಮಗ್ಗಗಳು ನಿಧಾನಕ್ಕೆ ಒಂದು ಹದಕ್ಕೆ ಬಂದವು. ಆಮೇಲೆ, ಯಾವ ನರಳಾಟವೂ ಇಲ್ಲದೆ, ಅವರ ಟ್ಯಾಂಕಿಗೆ ನೀರು ಬೀಳತೊಡಗಿತು.

ಪಕ್ಕದ ಮನೆಯಾಕೆ ತಮ್ಮ ತಾರಸಿಯಲ್ಲಿ ಹಪ್ಪಳ ಎತ್ತುತ್ತಿದ್ದವರು ಟ್ಯಾಂಕಿನ ಕಡೆ ಒಮ್ಮೆ ತಿರುಗಿದರು.

'ಇದೂ ನಮ್ ಯಜಮಾನ್ರ ಥರಾನೇ ಕಣ್ರೀ. ಕರೆದ್ ತಕ್ಷಣ ಎದ್ದಿದ್ದೇ ಇಲ್ಲ.'