ರುದ್ರಮಾವ ಕೆಟ್ಟವರಾದ ಬಗೆ

ಕ್ಯಾತ್ಸಂದ್ರದ ಹೋಟೆಲಿನಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ನನ್ನ ಎಡಗೈ ತಾನಾಗಿಯೇ ತಟ್ಟೆಗೆ ಬೇಲಿ ಹಾಕುತ್ತದೆ. ಮೊನ್ನೆ ಎದುರಿಗೆ ಕೂತಿದ್ದ ಗೆಳತಿ ನಕ್ಕಳು: “ಯಾರೂ ಕಿತ್ಕೊಳ್ಳಲ್ಲ ಬಿಡೇ.” ಮರೆವಿನ ಕಾಯಿಲೆಗಳ ಮೇಲೆ ಸಂಶೋಧನೆ ಮಾಡುವವಳು ನಾನು, ಕನ್ನಡಕ ಎಲ್ಲಿಟ್ಟೆ ಎಂಬುದು ದಿನವೂ ಮರೆಯುತ್ತದೆ, ಕೈ ಮಾತ್ರ ಏನನ್ನೂ ಮರೆಯುವುದಿಲ್ಲ. ಕಿತ್ತುಕೊಳ್ಳುವವರು ಒಬ್ಬರಿದ್ದರು.

ರುದ್ರಮಾವ ನನ್ನ ತಾಯಿಯ ತಮ್ಮ, ಗುಬ್ಬಿಯಲ್ಲಿ ಬ್ಯಾಂಕ್ ಗುಮಾಸ್ತರು. ಬಸ್ಸಿನಲ್ಲಿ ತಮ್ಮ ಕಾಲು ತುಳಿದವರಿಗೆ ತಾವೇ ಸಾರಿ ಹೇಳುವಷ್ಟು ಮೃದು. ಅವರ ಹೆಂಡತಿ ಗಿರಿಜತ್ತೆ ಅದಕ್ಕೆ ತದ್ವಿರುದ್ಧ. “ಇವರ ಜೊತೆ ಜಗಳ ಆಡ್ಬೇಕಂದ್ರೆ ಎರಡೂ ಕಡೆ ಮಾತು ನಾನೇ ಆಡ್ಬೇಕು ಕಣೇ” ಎಂದು ಗೊಣಗುತ್ತಿದ್ದರು.

ಐವತ್ತು ದಾಟಿದ ಮೇಲೆ ಮಾವ ಬದಲಾದರು. ಹೋಟೆಲಿನಲ್ಲಿ ನಮ್ಮ ತಟ್ಟೆಗೆ ಕೈ ಹಾಕುವುದರಿಂದ ಶುರುವಾಯಿತು, ಆಮೇಲೆ ಪಕ್ಕದ ಮೇಜಿನವರ ವಡೆ. ಕುಣಿಗಲ್ಲಿನಲ್ಲಿ ನೆಂಟರೊಬ್ಬರು ತೀರಿಕೊಂಡಾಗ ಹೆಣದ ಮುಂದೆ ನಿಂತು ನಕ್ಕರು. ಅತ್ತೆ ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡು ಬಿದ್ದಿದ್ದಾಗ ಅವರನ್ನು ದಾಟಿಕೊಂಡು ಹೋಗಿ ಕಾಲು ತೊಳೆದು, “ತಿಂಡಿ ಏನು?” ಎಂದರು.

ಮಾಟ ಎಂದರು ಕೆಲವರು, ಸೊಕ್ಕು ಎಂದರು ಹಲವರು. ಡಾಕ್ಟರರು ಸ್ಕ್ಯಾನ್ ತೆಗೆಸಿ, ಇದು ನೆನಪಿನ ಬದಲು ಸ್ವಭಾವವನ್ನೇ ಮೊದಲು ತಿನ್ನುವ ಮೆದುಳಿನ ಕಾಯಿಲೆ ಇರಬಹುದು ಎಂದಾಗ ನೆಂಟರಲ್ಲಿ ಯಾರೂ ನಂಬಲಿಲ್ಲ. ನಾನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಆಗಷ್ಟೇ ಸಂಶೋಧನೆಗೆ ಸೇರಿದ್ದೆ. ಹೊಸದಾಗಿ ಕಲಿತವರ ಹುರುಪಿನಲ್ಲಿ ನಡುಮನೆಯಲ್ಲೇ ಒಂದು ಭಾಷಣ ಬಿಗಿದೆ. ದೊಡ್ಡಮಾವ, ಅಂದರೆ ರುದ್ರಮಾವನ ಅಣ್ಣ, ಪೂರ್ತಿ ಕೇಳಿ ಹೇಳಿದರು: “ನೆನಪೆಲ್ಲ ಸರಿಯಾಗೇ ಐತಲ್ಲಮ್ಮ. ಗುಣ ಕೆಟ್ಟೈತೆ, ಬುಡು.”

ಅವತ್ತು ಅತ್ತೆ ನನ್ನನ್ನು ಹಿತ್ತಿಲಿಗೆ ಕರೆದರು. “ಸತ್ತ ಮೇಲೆ ಮೆದುಳು ತೆಗೆದು ನೋಡ್ತೀರಂತಲ್ಲ, ನಿಜವಾ?”

“ನಿಜ ಅತ್ತೆ. ಮನೆಯವರು ಒಪ್ಪಿದ್ರೆ.”

“ಹಂಗಾದ್ರೆ ಇವರದ್ದು ನೋಡು. ನಮ್ಮೋರು ಕೆಟ್ಟೋರಲ್ಲ ಅಂತ ಒಬ್ರಾದ್ರೂ ಕಣ್ಣಾರೆ ಕಂಡು ಹೇಳ್ಬೇಕು.”

ಕೆಲವು ವರ್ಷಗಳ ನಂತರ ಒಂದು ಬೆಳಿಗ್ಗೆ ಮಾವ ತೀರಿಕೊಂಡರು. ತಡವಾದರೆ ಮೆದುಳು ಕೆಡುತ್ತದೆ. ನಮ್ಮ ಪ್ರಯೋಗಾಲಯದ ಗಾಡಿ ಬಂದು ಬಾಗಿಲಲ್ಲಿ ನಿಂತಿತ್ತು. ದೊಡ್ಡಮಾವ ಅಡ್ಡ ನಿಂತರು. “ವಿಭೂತಿ ಹಚ್ಚಿ, ಕೂರಿಸಿ ಮಣ್ಣು ಮಾಡೋ ಜನ ನಾವು. ತಲೆ ಕುಯ್ಸಿ ಕಳಿಸ್ತೀಯೇನಮ್ಮ ನನ್ನ ತಮ್ಮನ್ನ?”

ಅತ್ತೆ ಎದ್ದು ಬಂದರು. “ಗುಣ ಕೆಟ್ಟೈತೆ ಅಂದೋರು ನೀವೇ ಅಲ್ವಾ ಭಾವ? ಆ ಮಾತು ಹೊತ್ಕೊಂಡು ಅವರು ಮಣ್ಣಿಗೆ ಹೋಗ್ಬಾರ್ದು. ದಾರಿ ಬಿಡಿ.”

ದೊಡ್ಡಮಾವ ಸರಿದು ನಿಂತರು. ಸಂಜೆಯೊಳಗೆ ದೇಹ ಮರಳಿತು. ತಲೆಯ ಹೊಲಿಗೆ ಕಾಣದಂತೆ ಪೇಟ ಸುತ್ತಿ ವಿಭೂತಿ ಹಚ್ಚಿದವರೂ ದೊಡ್ಡಮಾವನೇ.

ಮೆದುಳಿನ ತೆಳು ಪದರಗಳ ಸ್ಲೈಡುಗಳು ತಯಾರಾದಾಗ ಪ್ರಯೋಗಾಲಯದ ಮುಖ್ಯಸ್ಥೆ, ನಮ್ಮ ಮೇಡಂ, ಬೇಕಾದರೆ ನೋಡು, ಬೇಡವಾದರೆ ಬಿಡು ಎಂದರು. ನೋಡಿದೆ. ಮೆದುಳಿನ ಮುಂಭಾಗ ಬತ್ತಿತ್ತು. ಜೀವಕೋಶಗಳು ತುಂಬಿರಬೇಕಾದಲ್ಲಿ ಬರೀ ತೂತು. ಸಂಶೋಧಕಿಗೆ ಅನುಮಾನ ಪರಿಹಾರವಾದ ಖುಷಿ, ಸೋದರಸೊಸೆಗೆ ಮಾವನನ್ನು ಗಾಜಿನ ತುಂಡಿನ ಮೇಲೆ ನೋಡಿದ ಸಂಕಟ. ಎರಡೂ ಒಟ್ಟಿಗೇ ಬಂದದ್ದು ನನಗೇ ಹೇಸಿಗೆಯೆನಿಸಿತು.

ಗುಬ್ಬಿಗೆ ಹೋಗಿ ಹೇಳಿದೆ. ಅತ್ತೆ ಅಳಲಿಲ್ಲ. ದೊಡ್ಡಮಾವನನ್ನು ಕರೆಸಿ ನನ್ನಿಂದ ಇನ್ನೊಮ್ಮೆ ಹೇಳಿಸಿದರು. ಅವರು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದ ಮೇಲೆ, ಅತ್ತೆ ಮೆಲ್ಲಗೆ ಕೇಳಿದರು: “ಬಚ್ಚಲಲ್ಲಿ ನನ್ನ ದಾಟ್ಕೊಂಡು ಹೋಗಿದ್ದು ಕಾಯಿಲೆ. ಸರಿ. ಅದಕ್ಕೆ ಮುಂಚೆ ಅಷ್ಟು ವರ್ಷ ನನ್ನ ಜೊತೆ ಚೆನ್ನಾಗಿದ್ರಲ್ಲ, ಅದು ಅವರಾ? ಇಲ್ಲ, ಅದೂ ಬರೀ ಮೆದುಳಾ?”

ಅಂದಿನಿಂದ ಆ ಪ್ರಶ್ನೆ ನನ್ನನ್ನು ನೆಮ್ಮದಿಯಾಗಿ ಕೂರಲು ಬಿಟ್ಟಿಲ್ಲ. ಲೇಖನ ಬರೆಯುವಾಗ, ಸಭೆಯಲ್ಲಿ ಮಾತಾಡುವಾಗ, ಯಾರೋ ಹಿಂದಿನ ಸಾಲಿನಿಂದ ಅದನ್ನೇ ಕೇಳಿಬಿಡುತ್ತಾರೆಂದು ತಲೆಯೆತ್ತಿ ನೋಡುತ್ತೇನೆ.

ಅತ್ತೆ ಈಗ ಶೆಟ್ಟಿಹಳ್ಳಿಯಲ್ಲಿ ತಂಗಿಯ ಜೊತೆ ಇದ್ದಾರೆ. ಹೋದ ಭಾನುವಾರ ಹೋಗಿದ್ದೆ. ಹುರುಳಿಕಾಯಿ ಮುರಿಯುತ್ತಾ ಇದ್ದಕ್ಕಿದ್ದಂತೆ ಹೇಳಿದರು: “ನಾನು ಹೋದ್ಮೇಲೆ ನಂದೂ ತಗೊಳ್ಳೇ.”

“ನಿಮ್ಗೇನಾಗಿದೆ ಅತ್ತೆ? ಚೆನ್ನಾಗಿದೀರಲ್ಲ.”

“ಅದಕ್ಕೇ ಕಣೇ. ಅವರ ಒಳ್ಳೇತನ ಅವರ ತಲೇಲಿ ಉಳೀಲಿಲ್ಲ. ನನ್ನ ತಲೇಲಿ ಇರತ್ತೆ, ನೋಡು.”

ಕಾಯಿಲೆಯಿಲ್ಲದ ಮೆದುಳೂ ನಮಗೆ ಬೇಕು, ಹೋಲಿಸಿ ನೋಡುವುದಕ್ಕೆ. ಆದರೆ ಒಳ್ಳೆಯತನ ಯಾವ ಸ್ಲೈಡಿನಲ್ಲೂ ಕಾಣುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅತ್ತೆ ನನ್ನನ್ನೇ ನೋಡುತ್ತಿದ್ದರು.

“ನೋಡ್ತೀನಿ ಅತ್ತೆ” ಎಂದೆ.